ಗಾಳಿಗೆ ಹನಿ ಕಾಲ್ಕೀಳುವುದು ಯಾವಾಗ?

ಧಾರವಾಡದ ಹಳೇ ಮನೆಗಳ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಕೆಸು ತಾನಾಗಿ ಎದ್ದಿರುತ್ತದೆ. ಅದರ ಒಂದು ಎಲೆ, ಟೇಬಲ್ ಫ್ಯಾನು, ಔಷಧದ ಡ್ರಾಪರು, ಗಾಜಿನ ತುಂಡು ಇದ್ದರೆ ಸಾಕು, ಗಾಳಿ ನೂಕಿದಾಗ ನೀರಿನ ಹನಿ ಯಾವಾಗ ಜಾಗ ಬಿಡುತ್ತದೆಂದು ಮನೆಯಲ್ಲೇ ನೋಡಬಹುದು.

ದಪ್ಪ ನರ ಬಿಟ್ಟು ಎಲೆಯನ್ನು ನಾಲ್ಕು ಬೆರಳಗಲ ಕತ್ತರಿಸಿ, ಟೈಲ್ಸ್ ಮೇಲೆ ಅಂಚಿಗಷ್ಟೇ ಟೇಪು ಹಚ್ಚಿ ಕೂರಿಸಿ. ಮೇಲ್ಮೈ ಮುಟ್ಟಬೇಡಿ. ಮೊದಲ ಎಲೆಯನ್ನು ನಾನು ಬಟ್ಟೆಯಿಂದ ಚೊಕ್ಕಟ ಒರೆಸಿದ್ದೆ. ಹನಿ ಅಲ್ಲೇ ಹರಡಿ ಕೂತಿತು. 'ತಿಕ್ಕಿದ್ರ ಅದರ ಮ್ಯಾಲಿನ ಮೇಣ ಉಳಿತದೇನೋ?' ಎಂದಳು ಅವ್ವ.

ಎಲೆಯ ಮೇಲೊಂದು, ಗಾಜಿನ ಮೇಲೊಂದು ಹನಿ ಬಿಡಿ. ಗಾಳಿಯಿಲ್ಲದೆಯೇ ಉರುಳಿದರೆ ಟೈಲ್ಸ್ ಕೆಳಗೆ ಕಾಗದ ಮಡಚಿಟ್ಟು ಸಮ ಮಾಡಿ. ಎಲೆಯ ಮೇಲೆ ಹನಿ ಮುತ್ತಿನಂತೆ ದುಂಡಗೆ. ಅಂಚಿನ ಕೋನ, ಅಂದರೆ ಹನಿಯ ಅಂಚು ಎಲೆಯ ಮೇಲ್ಮೈಯೊಡನೆ ಹನಿಯ ಒಳಗಡೆ ಮಾಡುವ ಕೋನ, 150 ಡಿಗ್ರಿಗೂ ಹೆಚ್ಚು. ಕಣ್ಣಿಗೆ ಕಾಣದ ಮೇಣದ ಉಬ್ಬುಗಳ ತುದಿಯಲ್ಲಷ್ಟೇ ಅದು ಕೂತಿದೆ, ಅದರಡಿ ಗಾಳಿಯಿದೆ.

ಈಗ ಒಂದು ಮೊಳ ದೂರದಿಂದ ಫ್ಯಾನು ಹಚ್ಚಿ, ಕಣ್ಣನ್ನು ಟೈಲ್ಸ್ ಮಟ್ಟಕ್ಕಿಳಿಸಿ ನೋಡಿ. ಹನಿ ಮೊದಲು ನಡುಗುತ್ತದೆ, ಮುಂದಕ್ಕೆ ಬಾಗುತ್ತದೆ. ಎಲೆಯ ಮೇಲಿನದು ಅಷ್ಟರಲ್ಲೇ ಉರುಳಿಹೋಗುತ್ತದೆ. ಗಾಜಿನದು ನಡುಗುತ್ತಲೇ ಇರುತ್ತದೆ, ಜಪ್ಪಯ್ಯ ಅಂದರೂ ಕದಲದು. ಗಾಳಿ ನೂಕಿದಾಗ ಹನಿಯ ಮುಂದಿನ ಅಂಚಿನ ಕೋನ ಹಿಗ್ಗಿ, ಹಿಂದಿನದು ಕುಗ್ಗುತ್ತದೆ. ಹಿಮ್ಮಡಿ ಕಿತ್ತುಬರುವ ಮೊದಲು ಈ ಎರಡರ ಅಂತರ ಎಷ್ಟು ಬೆಳೆಯುತ್ತದೋ, ಮೇಲ್ಮೈಯ ಹಿಡಿತ ಅಷ್ಟು ಬಿಗಿ. ಕೆಸುವಿನ ಮೇಲೆ ಆ ಅಂತರ ತೀರ ಕಡಿಮೆ.

ನನಗೆ ಹೆಚ್ಚು ಮಜಾ ಕೊಟ್ಟಿದ್ದು ಮುಂದಿನದು. ಚಿಕ್ಕದು, ನಡುವಿನದು, ದೊಡ್ಡದು ಮೂರು ಹನಿಗಳನ್ನು ಗಾಳಿಗೆ ಅಡ್ಡಲಾಗಿ ಸಾಲಿಡಿ. ಹಗುರದ್ದು ಮೊದಲು ಓಡೀತು ಎಂದು ಮಕ್ಕಳೆಲ್ಲ ಪಂಥ ಕಟ್ಟುತ್ತಾರೆ. ಸಾಮಾನ್ಯವಾಗಿ ಓಡುವುದು ದೊಡ್ಡದು. ಅಗಲ ಇಮ್ಮಡಿಯಾದರೆ ಹಿಡಿತ ಇಮ್ಮಡಿ, ಗಾಳಿಯ ನೂಕು ಸುಮಾರು ನಾಲ್ಕು ಪಟ್ಟು. ಮೇಲ್ಮೈಗೆ ತೀರ ಹತ್ತಿರ ಗಾಳಿಯ ವೇಗವೂ ಕಡಿಮೆ, ಚಿಕ್ಕದು ಆ ನಿಧಾನ ಗಾಳಿಯ ಮರೆಯಲ್ಲಿ ಉಳಿಯುತ್ತದೆ. ಮಳೆಯಲ್ಲಿ ಹುಬ್ಬಳ್ಳಿ ಬಸ್ಸಿನ ಕಿಟಕಿ ನೋಡಿ: ದಪ್ಪ ಹನಿ ಸಣ್ಣವನ್ನು ನುಂಗುತ್ತ ಹಿಂದಕ್ಕೋಡುತ್ತದೆ, ಸಾಸಿವೆಯಷ್ಟಿದ್ದವು ಅಲ್ಲೇ.

ಎಲೆ ಸಿಗದಿದ್ದರೆ ಚಮಚವನ್ನು ಮೇಣದಬತ್ತಿಯ ಉರಿಗೆ ಹಿಡಿದು ಮಸಿ ಕಟ್ಟಿಸಿ; ಅದೂ ನೀರು ಹಿಡಿಯದು. ಒಣ ಎರೆಮಣ್ಣಿನ ಪುಡಿ ಎಲೆಗೆ ಉದುರಿಸಿದರೆ ಹನಿ ಅದನ್ನೂ ಹೊತ್ತೊಯ್ಯುತ್ತದೆ. ತಾವರೆ ಎಲೆಗೂ ಇರುವ ಈ ಗುಣವನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್, ನೈನ್‌ಹೌಸ್ 1997ರಲ್ಲಿ ವಿವರಿಸಿದ್ದರು.

ಕೊನೆಗೆ ಎಲೆಯನ್ನು ಚಹಾದ ಹಬೆಗೆ ತುಸು ಎತ್ತರದಲ್ಲಿ ಹಿಡಿಯಿರಿ. ಹಬೆ ಉಬ್ಬುಗಳ ಸಂದಿಯಲ್ಲೇ ನೀರಾಗುತ್ತದೆ. ಈಗ ಹನಿ ಬಿಟ್ಟು ಫ್ಯಾನು ಜೋರು ಮಾಡಿ. ಅದೇ ಎಲೆ, ಅದೇ ನೀರು, ಹನಿ ಮಾತ್ರ ಬೇಗ ಬಿಟ್ಟುಕೊಡುವುದಿಲ್ಲ.