ಎರಡು ವರ್ಷದ ಬಿಡುವಿನ ನಂತರ ಕಟ್ಟಿದ ತಂಡ: ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ನನ್ನ ಅನುಭವ

2021-22ನೇ ಶೈಕ್ಷಣಿಕ ವರ್ಷದಲ್ಲಿ ರಾಜ್ಯದ ಒಂದು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತಂಡಕ್ಕೆ ನಾನು ತರಬೇತುದಾರನೂ ವ್ಯವಸ್ಥಾಪಕನೂ ಆಗಿದ್ದೆ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದ ನಂತರ ಕೋವಿಡ್‌ನಿಂದಾಗಿ ಎಲ್ಲವೂ ನಿಂತುಹೋಗಿತ್ತು. ಆಗ ಎರಡನೇ ವರ್ಷದ ಪದವಿಯಲ್ಲಿದ್ದವರು ಕಾಲೇಜು ಮುಗಿಸಿ ಹೊರಟುಹೋಗಿದ್ದರಿಂದ, ರಾಷ್ಟ್ರಮಟ್ಟದ ಕೂಟವೊಂದನ್ನು ಕಣ್ಣಾರೆ ಕಂಡವರು ಹೊಸ ತಂಡದಲ್ಲಿ ಒಬ್ಬರೂ ಇರಲಿಲ್ಲ.

ವಿಶ್ವವಿದ್ಯಾಲಯದ ತಂಡವೆಂದರೆ ವರ್ಷವಿಡೀ ಒಂದೇ ಮೈದಾನದಲ್ಲಿ ಅಭ್ಯಾಸ ಮಾಡುವ ತಂಡ ಎಂದು ಹೊರಗಿನವರು ಭಾವಿಸುವುದುಂಟು. ನಮ್ಮ ಕ್ರೀಡಾಪಟುಗಳು ಸಂಯೋಜಿತ ಕಾಲೇಜುಗಳಲ್ಲಿ ಚದುರಿಕೊಂಡಿರುತ್ತಾರೆ. ಅಂತರ ಕಾಲೇಜು ಕೂಟದಲ್ಲಿ ಆಯ್ಕೆಯಾದ ಮೇಲೆ ನಡೆಯುವ ತರಬೇತಿ ಶಿಬಿರದಲ್ಲಷ್ಟೇ ಅವರು ನಮ್ಮ ಕೈಗೆ ಸಿಗುತ್ತಾರೆ. ರಾಜ್ಯದಲ್ಲಿ ಪದವಿ ತರಗತಿಗಳು 2021ರ ಜುಲೈ 26ರಂದು ಮತ್ತೆ ತೆರೆದಾಗ ಹಲವರು ತಿಂಗಳುಗಟ್ಟಲೆ ಸ್ಪೈಕ್ಸ್ (ಅಡಿಯಲ್ಲಿ ಮೊಳೆಗಳಿರುವ ಓಟದ ಬೂಟು) ಮುಟ್ಟಿರಲಿಲ್ಲ. ಮನೆಯಲ್ಲಿದ್ದಾಗ ರಸ್ತೆಯಲ್ಲಿ ಓಡಿ ಉಸಿರಿನ ಶಕ್ತಿಯನ್ನು ಉಳಿಸಿಕೊಂಡವರಿದ್ದರು, ಆದರೆ ಪೂರ್ಣ ವೇಗದಲ್ಲಿ ಓಡಲು ಬೇಕಾದ ತೊಡೆಯ ಹಿಂಭಾಗದ ಸ್ನಾಯುಗಳು ಸಡಿಲಗೊಂಡಿದ್ದವು. ನಮ್ಮ 400 ಮೀಟರ್ ಹರ್ಡಲ್ಸ್ ಓಟಗಾರ ಡಿಸೆಂಬರ್‌ನಲ್ಲಿ ಅದೇ ಸ್ನಾಯು ಸೆಳೆತಕ್ಕೊಳಗಾಗಿ ತಂಡದಿಂದ ಹೊರಗುಳಿಯಬೇಕಾಯಿತು.

ಆ ವರ್ಷದ ಮುಖ್ಯ ಭರವಸೆ ಒಬ್ಬ ಟ್ರಿಪಲ್ ಜಂಪ್ ಹುಡುಗ. ಜಿಗಿಯುವ ಮೊದಲು ಓಡಿಬರುವ ಹಾದಿಯಾಗಿ ಅವನ ಕಾಲೇಜಿನಲ್ಲೂ ನಮ್ಮಲ್ಲೂ ಇದ್ದದ್ದು ಮಣ್ಣಿನ ರನ್‌ವೇ. ಓಟ ಆರಂಭಿಸಲು ಮಣ್ಣಿನಲ್ಲಿ ಅಳತೆ ಮಾಡಿಟ್ಟ ಗುರುತಿನಿಂದ ರಬ್ಬರಿನಂಥ ಸಿಂಥೆಟಿಕ್ ರನ್‌ವೇಯಲ್ಲಿ ಓಡಿದರೆ ಕಾಲು ಚಿಮ್ಮುವ ರೀತಿಯೇ ಬೇರೆಯಾಗಿ ಪ್ರತಿ ಹೆಜ್ಜೆಯೂ ತುಸು ಉದ್ದವಾಗುತ್ತದೆ. ಹದಿನಾರು ಹೆಜ್ಜೆಗಳ ಓಟದಲ್ಲಿ ಹೆಜ್ಜೆಗೆ ಎರಡೇ ಸೆಂಟಿಮೀಟರ್ ಹೆಚ್ಚಾದರೂ ಕಾಲೂರಿ ಜಿಗಿಯಬೇಕಾದ ಬೋರ್ಡ್ ಬಳಿ ಬರುವಷ್ಟರಲ್ಲಿ ಅದು ಒಂದು ಅಡಿಯನ್ನು ದಾಟುವುದರಿಂದ ಫೌಲ್ ಖಚಿತ. ಇದರ ಜೊತೆಗೆ 2021ರ ನವೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್‌ನ ನಿಯಮವೂ ಬದಲಾಗಿತ್ತು. ಅದುವರೆಗೆ ಬೋರ್ಡಿನಾಚೆಯ ಮೇಣದಂಥ ಪಟ್ಟಿಯ ಮೇಲೆ ಗುರುತು ಬಿದ್ದರೆ ಫೌಲ್ ಎನ್ನುತ್ತಿದ್ದರು. ಹೊಸ ನಿಯಮದಲ್ಲಿ ಜಿಗಿಯುವ ಕಾಲಿನ ಬೂಟಿನ ತುದಿ ಗೆರೆಯ ನೇರವನ್ನು ಗಾಳಿಯಲ್ಲಿ ದಾಟಿದರೂ ಫೌಲ್. ಹಾಗಾಗಿ ಪಕ್ಕದ ಜಿಲ್ಲೆಯ ಸಿಂಥೆಟಿಕ್ ಟ್ರ್ಯಾಕಿಗೆ ಅನುಮತಿ ಪಡೆದು, ಮಣ್ಣಿಗೆ ಹಾಕುವ ಉದ್ದನೆಯ ಮೊಳೆಗಳನ್ನು ತೆಗೆಸಿ 9 ಮಿಲಿಮೀಟರಿನವನ್ನು ಹಾಕಿಸಿ, ಬೆಳಗಿನ ಹೊತ್ತು ಜಿಗಿತವಿಲ್ಲದ ಬರೀ ಓಟವನ್ನೇ ಮಾಡಿಸಿದೆ. ನಾನು ಬೋರ್ಡಿನ ಪಕ್ಕದಲ್ಲಿ ಕುಳಿತು ಅವನ ಕಾಲು ಬಿದ್ದ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾ ಹೋಗುತ್ತಿದ್ದೆ. ಆರಂಭದಲ್ಲಿ ಚದುರಿದ್ದ ಗೆರೆಗಳು ಒಂದು ಅಂಗೈ ಅಗಲದೊಳಗೆ ಬಂದ ಮೇಲೆಯೇ ಜಿಗಿಯಲು ಹೇಳಿದ್ದು.

ಪುರುಷರ ಕೂಟ 2022ರ ಜನವರಿ ಮೊದಲ ವಾರ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆಯಿತು. ಹುಡುಗ ಮೊದಲ ಯತ್ನದಲ್ಲಿ ಫೌಲ್ ಮಾಡಿದ. ಎರಡನೆಯದಕ್ಕೆ ಗುರುತನ್ನು ಅರ್ಧ ಅಡಿ ಹಿಂದಿಟ್ಟುಕೊಂಡು ಸುರಕ್ಷಿತವಾಗಿ ಜಿಗಿದ. ಮೂರನೆಯ ಜಿಗಿತದಲ್ಲಿ ತನ್ನ ಅದುವರೆಗಿನ ಅತ್ಯುತ್ತಮ ದೂರವನ್ನು ದಾಟಿ ಅಂತಿಮ ಸುತ್ತಿನ ಎಂಟು ಮಂದಿಯೊಳಗೆ ಉಳಿದ. ಉಳಿದ ಸ್ಪರ್ಧೆಗಳಲ್ಲಿ ಹೆಚ್ಚಿನವರು ಮೊದಲ ಸುತ್ತಿನ ಓಟಗಳಾದ ಹೀಟ್ಸ್‌ನಲ್ಲೇ ನಿಂತರು. ಅತ್ತ ಕೂಟ ನಡೆಯುತ್ತಿರುವಾಗಲೇ ಸರ್ಕಾರ ವಾರಾಂತ್ಯದ ಕರ್ಫ್ಯೂ ಘೋಷಿಸಿದ್ದರಿಂದ, ಜನವರಿ 7ರ ರಾತ್ರಿಯೊಳಗೆ ಊರು ಸೇರುವ ವಾಹನ ಹುಡುಕುವುದೇ ನನಗೆ ಫಲಿತಾಂಶಕ್ಕಿಂತ ದೊಡ್ಡ ಚಿಂತೆಯಾಯಿತು.

ಮಹಿಳೆಯರ ಕೂಟ ಪ್ರತ್ಯೇಕವಾಗಿ ಭುವನೇಶ್ವರದಲ್ಲಿತ್ತು. ಅಲ್ಲಿ ನಮಗೆ ಪೆಟ್ಟು ಬಿದ್ದದ್ದು ಟ್ರ್ಯಾಕಿನ ಮೇಲಲ್ಲ. ಮುಂದೂಡಲ್ಪಟ್ಟಿದ್ದ ಸೆಮಿಸ್ಟರ್ ಪರೀಕ್ಷೆಗಳು ಪ್ರಯಾಣದ ದಿನಗಳ ಮೇಲೆಯೇ ಬಂದು ಕುಳಿತವು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸುವವರಿಗೆ ವಿಶೇಷ ಪರೀಕ್ಷೆ ಕೊಡಲು ನಮ್ಮಲ್ಲಿ ಅವಕಾಶವಿದ್ದರೂ ಅದರ ಸುತ್ತೋಲೆ ಕೈಸೇರುವಷ್ಟರಲ್ಲಿ 4x100 ರಿಲೇ ತಂಡದ ಇಬ್ಬರು ಪರೀಕ್ಷೆಯೇ ಲೇಸೆಂದು ಹಿಂದೆ ಸರಿದಿದ್ದರು. ಅವರನ್ನು ನಾನು ಒತ್ತಾಯಿಸಲಿಲ್ಲ, ಬಿ.ಕಾಂ. ಅಂಕಪಟ್ಟಿಯಲ್ಲಿ ಗೈರುಹಾಜರಿ ಎಂದು ಬಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಅವರೇ ಹೊರತು ತರಬೇತುದಾರನಲ್ಲ.

ಮೂರನೇ ಲೆಗ್‌ಗೆ (ರಿಲೇಯಲ್ಲಿ ಮೂರನೆಯವಳಾಗಿ ಓಡಲು) ಉದ್ದ ಜಿಗಿತದ ಹುಡುಗಿಯೊಬ್ಬಳನ್ನು ಹಾಕಿದೆ. ಅವಳು ಹೊರಡುವ ರಭಸ ಎಷ್ಟಿತ್ತೆಂದರೆ, ಬ್ಯಾಟನ್ ತರುವವಳು ತಲುಪುವ ಮೊದಲೇ, ಬ್ಯಾಟನ್ ಕೈಬದಲಾಗಬೇಕಾದ 30 ಮೀಟರ್ ವಿನಿಮಯ ವಲಯದ ಕೊನೆಗೆ ಹೋಗಿಬಿಡುತ್ತಿದ್ದಳು. ನೆಲಕ್ಕೆ ಅಂಟಿಸುವ ಟೇಪಿನ ಗುರುತನ್ನು ಅವಳದೇ ಪಾದದ ಅಳತೆಯಲ್ಲಿ ನಾಲ್ಕು ಪಾದ ಹತ್ತಿರಕ್ಕೆ ತಂದು, ಹಿಂದಿನವಳು ಅದನ್ನು ಮುಟ್ಟುವವರೆಗೆ ಕದಲಬಾರದೆಂದು ಹೇಳಿದೆ. ಕೂಟದಲ್ಲಿ ಬ್ಯಾಟನ್ ಎಲ್ಲೂ ಬೀಳಲಿಲ್ಲ, ವಲಯವೂ ತಪ್ಪಲಿಲ್ಲ. ಆದರೆ ಫೈನಲ್‌ಗೆ ಬೇಕಾದ ವೇಗ ಆ ತಂಡಕ್ಕಿರಲಿಲ್ಲ.

ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ನಮ್ಮ ಟ್ರಿಪಲ್ ಜಂಪ್ ಹುಡುಗ ಹೋಗಿಬಂದ. ಪದಕ ಬರಲಿಲ್ಲ. ವಾರ್ಷಿಕ ವರದಿಯ ನಮೂನೆಯಲ್ಲಿ ಇದ್ದದ್ದು ಚಿನ್ನ, ಬೆಳ್ಳಿ, ಕಂಚು ಎಂಬ ಮೂರೇ ಅಂಕಣ. ಮೂರರಲ್ಲೂ ಸೊನ್ನೆ ಬರೆದು, ಯಾರ ಸಾಧನೆ ವರ್ಷದಲ್ಲಿ ಎಷ್ಟು ಸುಧಾರಿಸಿತೆಂಬ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿದೆ. ಕ್ರೀಡಾ ಸಮಿತಿಯ ಸಭೆಯಲ್ಲಿ ಎರಡು ಬೇಡಿಕೆಗಳನ್ನು ಇಟ್ಟೆ: ಶಿಬಿರದ ಒಂದು ಭಾಗವಾದರೂ ಸಿಂಥೆಟಿಕ್ ಟ್ರ್ಯಾಕಿನಲ್ಲಿ ನಡೆಯಬೇಕು ಮತ್ತು ವಿಶೇಷ ಪರೀಕ್ಷೆಯ ಸುತ್ತೋಲೆ ತಂಡದ ಆಯ್ಕೆಪಟ್ಟಿಯ ಜೊತೆಯಲ್ಲೇ ಹೊರಬೀಳಬೇಕು. ಎರಡನೆಯದಕ್ಕೆ ಅಲ್ಲೇ ಒಪ್ಪಿಗೆ ಸಿಕ್ಕಿತು. ಮೊದಲನೆಯದಕ್ಕೆ ಹಣ ಸಾಲದೆಂದರು. ಟ್ರ್ಯಾಕ್‌ಸೂಟ್‌ಗಳಿಗೆಂದು ಇಟ್ಟಿದ್ದ ಮೊತ್ತವನ್ನೇ ಅದಕ್ಕೆ ತಿರುಗಿಸಿ ಎಂದು ನಾನು ಬರೆದುಕೊಟ್ಟೆ.