ರೋಡಲ್ಲಿ ಉಳ್ಕೊಂಡಿರೋ ಹಳೇ ರೈಲ್ವೆ ಗೇಟು: ದಾಟೋದು ಹೇಗೆ, ಗುರುತು ಹಿಡಿಯೋದು ಹೇಗೆ

ಟಾರ್ ಮಧ್ಯೆ ಎರಡು ಕಂಬಿ ಅಡ್ಡಡ್ಡ ಕಾಣ್ತಿರುತ್ತೆ, ಗೇಟಿಲ್ಲ, ಗೇಟ್‌ಮ್ಯಾನ್ ಇಲ್ಲ, ರೈಲು ನಿಂತು ಎಷ್ಟೋ ವರ್ಷ ಆಗಿರುತ್ತೆ, ಆದ್ರೂ ಕಂಡಕ್ಟರ್ ಮಾತ್ರ ಇವತ್ತಿಗೂ "ಗೇಟ್ ಹತ್ರ ಇಳಿಯೋರು ಬನ್ನಿ" ಅಂತಾನೇ ಕೂಗೋದು. ನಿಮ್ಮೂರಲ್ಲೂ ಇಂಥ ಜಾಗ ಇದ್ರೆ ಇದನ್ನ ಓದಿ.

ಮೊದ್ಲು ದಾಟೋ ವಿಷ್ಯ, ಯಾಕಂದ್ರೆ ನಮ್ಮ ಮಾವ ಒಂದ್ಸಲ ಮಳೇಲಿ ಹಿಂಗೇ ಜಾರಿ ಬಿದ್ದು ಮೊಣಕೈ ಮುರ್ಕೊಂಡಿದ್ರು. ಹಳಿ ಪಕ್ಕದಲ್ಲೇ ಇನ್ನೊಂದು ಕಂಬಿ ಇರುತ್ತೆ ನೋಡಿ, ಚೆಕ್ ರೈಲ್ ಅಂತಾರೆ, ರೈಲಿನ ಚಕ್ರದ ಅಂಚು ಹೋಗ್ಲಿ ಅಂತ ಇವೆರಡರ ಮಧ್ಯೆ ಎರಡು ಇಂಚಿನಷ್ಟು ಸಂದಿ ಬಿಟ್ಟಿರ್ತಾರೆ. ಸೈಕಲ್ ಟೈರು ಅದರೊಳಗೆ ಪೂರ್ತಿ ಇಳಿದುಬಿಡುತ್ತೆ. ಸ್ಕೂಟರ್ ಟೈರು ಇಳಿಯಲ್ಲ, ಆದ್ರೆ ಒದ್ದೆ ಕಬ್ಬಿಣದ ಮೇಲೆ ಓರೆಯಾಗಿ ಹತ್ತಿದ್ರೆ ಜಾರೋದು ಗ್ಯಾರಂಟಿ. ಅದಕ್ಕೆ ಮೊದಲೇ ಸ್ಪೀಡ್ ಇಳಿಸಿ, ಹಿಂದೆ ಗಾಡಿ ಬರ್ತಿದೆಯಾ ನೋಡ್ಕೊಂಡು, ಹಳಿಗೆ ನೇರ ಅಡ್ಡವಾಗಿ ಹ್ಯಾಂಡಲ್ ಸೀದಾ ಹಿಡ್ಕೊಂಡು ದಾಟಿ, ಕಂಬಿ ಮೇಲಿರುವಾಗ ಬ್ರೇಕ್ ಹಾಕ್ಬೇಡಿ, ತಿರುಗಿಸ್ಲೂಬೇಡಿ.

ಇನ್ನೊಂದು ಮಾತು, ತುಕ್ಕು ಹಿಡಿದಿದೆ ಅಂದ ಮಾತ್ರಕ್ಕೆ ಲೈನ್ ಸತ್ತಿದೆ ಅಂತ ಅಲ್ಲ. ಫ್ಯಾಕ್ಟರಿ, ಗೋಡೌನ್ ಕಡೆ ಹೋಗೋ ಸೈಡಿಂಗಲ್ಲಿ (ಮುಖ್ಯ ಲೈನಿಂದ ಕವಲಾದ ಹಳೀಲಿ) ಅಪರೂಪಕ್ಕೆ ಗೂಡ್ಸ್ ಬರ್ಬಹುದು. ರೋಡಿನ ಎರಡೂ ಕಡೆ ನೋಡಿ, ಹಳಿ ಕಿತ್ತು ಹಾಕಿದ್ದಾರಾ, ಮೇಲೆ ಮನೆ ಎದ್ದಿದೆಯಾ, ಮರ ಬೆಳೆದಿದೆಯಾ. ಇದ್ಯಾವುದೂ ಇಲ್ಲ ಅಂದ್ರೆ ಲೈನ್ ಜೀವಂತ ಇದೆ ಅಂತಾನೇ ತಿಳ್ಕೊಂಡು ನಿಲ್ಲಿಸಿ ನೋಡಿ ದಾಟಿ, ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳೋದೂ ಅದನ್ನೇ.

ಈಗ ಗುರುತು ಹಿಡಿಯೋದು. ಭಾನುವಾರ ಬೆಳಿಗ್ಗೆ ಟ್ರಾಫಿಕ್ ಇಲ್ದಾಗ ಹೋಗಿ, ಜೊತೆಗೊಬ್ರು ಇರ್ಲಿ, ಟೇಪ್ ತಗೊಂಡು ಎರಡು ಹಳಿಯ ಒಳ ಅಂಚಿಂದ ಒಳ ಅಂಚಿಗೆ ಅಳೀರಿ (ಚೆಕ್ ರೈಲಿಂದ ಅಲ್ಲ), ಈ ಅಗಲಕ್ಕೇ ಗೇಜ್ ಅನ್ನೋದು. 1676 ಮಿಲಿಮೀಟರ್ ಬಂದ್ರೆ ಬ್ರಾಡ್ ಗೇಜ್. 1000 ಬಂದ್ರೆ ಮೀಟರ್ ಗೇಜ್, ಬೆಂಗಳೂರು-ಮೈಸೂರು ಮೊದಲು ಓಡ್ತಿದ್ದಿದ್ದು ಅದ್ರಲ್ಲೇ. 762 ಅಂದ್ರೆ ಬಂಗಾರಪೇಟೆ-ಕೋಲಾರ-ಚಿಕ್ಕಬಳ್ಳಾಪುರ ಕಡೆ ಇದ್ದಂಥ ಚಿಕ್ಕ ರೈಲು, 610 ಅಂದ್ರೆ ತರೀಕೆರೆ-ನರಸಿಂಹರಾಜಪುರದ ಲೈನಿನ ಥರ ಇನ್ನೂ ಚಿಕ್ಕದು. 1992ರಲ್ಲಿ ಯುನಿಗೇಜ್, ಅಂದ್ರೆ ಲೈನ್‌ಗಳನ್ನೆಲ್ಲ ಬ್ರಾಡ್ ಗೇಜಿಗೆ ತರೋ ಯೋಜನೆ, ಶುರುವಾದ್ಮೇಲೆ ಬಹಳಷ್ಟು ಕಡೆ ಹಳೇ ದಾರೀಲೇ ಬ್ರಾಡ್ ಗೇಜ್ ಹಾಕಿದ್ರು, ಹಂಗಾಗಿ ಚಿಕ್ಕ ಗೇಜಿನ ಕಂಬಿ ಎಲ್ಲಾದ್ರೂ ಉಳಿದಿದ್ರೆ ಅಲ್ಲಿ ಲೈನ್ ದಾರಿ ಬದ್ಲಾಗಿತ್ತು ಅಥ್ವಾ ಅದೊಂದು ಸೈಡಿಂಗ್ ಆಗಿತ್ತು ಅನ್ನೋ ಸಾಧ್ಯತೆ ಜಾಸ್ತಿ, ನನಗಂತೂ ಇದನ್ನ ಪತ್ತೆ ಮಾಡೋದೇ ದೊಡ್ಡ ಖುಷಿ.

ಕಂಬಿ ಟಾರಲ್ಲಿ ಪೂರ್ತಿ ಮುಚ್ಚೋಗಿದ್ರೆ ಸುತ್ತ ಹುಡುಕಿ, ಗೇಟ್‌ಮ್ಯಾನ್ ಕೋಣೆಯ ಗೋಡೆ, ಮೋಟು ಕಂಬ, ಮಣ್ಣಲ್ಲಿ ಕಪ್ಪು ಜಲ್ಲಿ. ಆಮೇಲೆ ದಿಶಾಂಕ್ ಆ್ಯಪಲ್ಲೂ (ಜಮೀನಿನ ಸರ್ವೆ ನಂಬರ್ ತೋರಿಸೋ ಸರ್ಕಾರದ ಆ್ಯಪ್) ಸ್ಯಾಟಲೈಟ್ ಮ್ಯಾಪಲ್ಲೂ ನೋಡಿ, ಸೈಟುಗಳ ಮಧ್ಯೆ ಉದ್ದಕ್ಕೆ ಕಿರಿದಾದ ಪಟ್ಟಿ ನಿಧಾನವಾಗಿ ಬಾಗಿ ಹೋಗ್ತಿದ್ರೆ ಅದೇ ಹಳೇ ಲೈನ್ ಇರ್ಬಹುದು. ಬೋಲ್ಟು ಮೊಳೆ ಏನನ್ನೂ ನೆನಪಿಗೆ ಅಂತ ಎತ್ಕೊಂಡು ಬರ್ಬೇಡಿ, ರೈಲ್ವೆ ಸೊತ್ತು ಇಟ್ಕೊಳ್ಳೋದು 1966ರ ಕಾಯ್ದೆ ಪ್ರಕಾರ ಅಪರಾಧ. ಟೇಪ್ ಇಟ್ಟು ಫೋಟೋ ತೆಗೀರಿ, ಸಾಕು.

ಸಂದಿ ಅಗಲ ಆಗಿ ಜನ ಬೀಳ್ತಿದ್ರೆ ಆ ಫೋಟೋ ಸಮೇತ ರೋಡು ಯಾರದ್ದೋ ಅವರಿಗೂ (ನಗರಸಭೆ ಅಥ್ವಾ ಪಿಡಬ್ಲ್ಯುಡಿ) ರೈಲ್ವೆ ಡಿವಿಜನ್ ಆಫೀಸಿಗೂ, ಇಬ್ರಿಗೂ ಒಂದೇ ದಿನ ಅರ್ಜಿ ಕೊಡಿ, ಇಲ್ಲಾಂದ್ರೆ ಒಬ್ರು ಇನ್ನೊಬ್ರ ಕಡೆ ಕೈ ತೋರಿಸ್ತಾರೆ. ಅರ್ಜೀಲಿ "ಕಿತ್ತು ಹಾಕಿ" ಅಂತ ಬರೀಬೇಡಿ, ಲೈನ್ ಸತ್ತಿದೆ ಅಂತ ಖಾತ್ರಿ ಇದ್ರೆ "ಹಳಿ ಮಟ್ಟಕ್ಕೆ ಕಾಂಕ್ರೀಟ್ ತುಂಬಿ" ಅಂತ ಬರೀರಿ, ಜನಾನೂ ಬೀಳಲ್ಲ, ಕಂಬೀನೂ ಅಲ್ಲೇ ಇರುತ್ತೆ.