ಇಳಿಜಾರು ಹಿತ್ತಲಲ್ಲಿ ಕೂರೋಕೊಂದು ಜಾಗ

ನಮ್ಮ ಮನೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿದೆ. ಹಿತ್ತಲು 30 ಅಡಿ ಅಗಲ, 40 ಅಡಿ ಉದ್ದ. ಅಡುಗೆಮನೆ ಬಾಗಿಲಿನಿಂದ ಹಿಂದಿನ ಕಾಂಪೌಂಡಿಗೆ ಹೋಗುವಷ್ಟರಲ್ಲಿ ನೆಲ ನಾಲ್ಕೂವರೆ ಅಡಿ ಇಳಿಯುತ್ತಿತ್ತು. ಕುರ್ಚಿ ಹಾಕಿದರೆ ವಾಲುತ್ತಿತ್ತು. ನೆಂಟರು ಬಂದರೆ ಎಲ್ಲರೂ ಹಾಲಿನಲ್ಲೇ ಒತ್ತಿಕೊಂಡು ಕೂರಬೇಕಿತ್ತು.

"ಮಣ್ಣು ಹೊಡೆಸಿ ಲೆವೆಲ್ ಮಾಡ್ಬಿಡೋಣ ಸಾರ್" ಅಂದರು ಮೇಸ್ತ್ರಿ. ನಾನು ಬೇಡವೆಂದೆ. ನಮ್ಮ ಕಾಂಪೌಂಡ್ ಹಾಲೋಬ್ಲಾಕಿನದು. ಅದು ಮರೆಗೆ ಸರಿ, ನೆನೆದ ಮಣ್ಣಿನ ಒತ್ತಡ ತಡೆಯೋಕಲ್ಲ. ಅದರ ಬದಲು ಮೂರು ಹಂತ ಮಾಡಿ, ನಡುವೆ ಎರಡಡಿ ಎತ್ತರದ ಎರಡು ಕಲ್ಲಿನ ಗೋಡೆ ಕಟ್ಟಿಸೋಣ ಎಂದೆ. ಉಳಿದ ಅರ್ಧ ಅಡಿಯನ್ನು ನೆಲದ ವಾಟಕ್ಕೆ ಬಿಟ್ಟೆವು. ಆರೇಳು ಅಡಿಗೆ ಒಂದಿಂಚು ಇಳಿದರೆ ಕೂತವರಿಗೆ ಗೊತ್ತಾಗಲ್ಲ, ನೀರಿಗೆ ಗೊತ್ತಾಗುತ್ತದೆ.

ನೀರಿನ ವಿಚಾರಕ್ಕೇ ಜಾಸ್ತಿ ತಲೆ ಕೆಡಿಸಿಕೊಂಡೆ. ನಮ್ಮಲ್ಲಿ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಲ್ಲಿ. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಇಷ್ಟು ಜಾಗಕ್ಕೆ ಸುಮಾರು 5,500 ಲೀಟರ್ ಬೀಳುತ್ತದೆ. ಹೆಚ್ಚುಕಮ್ಮಿ ಒಂದು ಟ್ಯಾಂಕರ್ ನೀರು! ಗೋಡೆ ಹಿಂದೆ ಅದು ನಿಂತರೆ ಎಂಥ ಕಲ್ಲನ್ನೂ ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಒಂದಡಿ ಪಾಯ ತೆಗೆಸಿ, ಸೈಜುಗಲ್ಲನ್ನು ಅಡಿಗೆ ಎರಡಿಂಚಿನಂತೆ ಮಣ್ಣಿನ ಕಡೆಗೆ ವಾಲಿಸಿ ಕಟ್ಟಿಸಿದೆ. ಹಿಂದೆ ಒಂದಡಿ ಅಗಲ ಬರೀ ಜಲ್ಲಿ. ಬುಡದಲ್ಲಿ ನಾಲ್ಕೈದು ಅಡಿಗೊಂದು ಪೈಪಿನ ತುಂಡು. ಪೈಪಿನ ಒಳಬಾಯಿಗೆ ಬಲೆ ಕಟ್ಟದಿದ್ದರೆ ಮಣ್ಣು ಕಟ್ಟಿಕೊಳ್ಳುತ್ತದೆ. ಕೊನೇ ಹಂತದ ಮೂಲೆಯಲ್ಲಿ ಇಂಗುಗುಂಡಿ. ಬೋರ್‌ವೆಲ್ ಸಾವಿರ ಅಡಿ ದಾಟುವ ಊರಲ್ಲಿ ಮಳೆನೀರನ್ನು ಚರಂಡಿಗೆ ಬಿಡೋಕೆ ಮನಸ್ಸು ಬರಲಿಲ್ಲ. ಲಾನ್ ಹಾಕದಿದ್ದಕ್ಕೂ ಅದೇ ಕಾರಣ. ದಿನಾ ನೀರು ಕೇಳುವ ಹುಲ್ಲು ಯಾಕೆ ಬೇಕು, ಅಲ್ವಾ?

ಮೆಟ್ಟಿಲು ಆರಿಂಚು ಎತ್ತರ, ಒಂದೂಕಾಲು ಅಡಿ ಅಗಲ. ಅಮ್ಮ ಕೈ ಹಿಡಿಯದೆ ಇಳಿಯಬೇಕು ಅನ್ನೋದೇ ಲೆಕ್ಕ.

ನಡುವಿನ ಹಂತವೇ ನಮ್ಮ ಕೂಟದ ಜಾಗ. ಮೇಲಿನ ಗೋಡೆಗೆ ಅಂಟಿಕೊಂಡು 18 ಇಂಚು ಎತ್ತರದ ಉದ್ದನೆ ಕಟ್ಟೆ ಕಟ್ಟಿಸಿ ಚಪ್ಪಡಿ ಹಾಸಿದ್ದೇವೆ. ಏಳೆಂಟು ಜನ ಸಾಲಾಗಿ ಕೂರಬಹುದು. ಎದುರಿಗೆ ಎರಡು ಕುರ್ಚಿ ಹಾಕಿದರೆ ಮಾತಿಗೆ ಸರಿಹೋಯ್ತು. ಆದರೆ ಮಾರ್ಚಲ್ಲಿ ಮಧ್ಯಾಹ್ನ ಆ ಚಪ್ಪಡಿ ಮೇಲೆ ಕೈ ಇಡೋಕಾಗಲ್ಲ, ನೆರಳು ಬೇಕೇ ಬೇಕು. ಯಾರೋ ದ್ರಾಕ್ಷಿ ತೋಟ ಕಿತ್ತಿದ್ದರು. ಅವರಿಂದ ಹಳೇ ಕಲ್ಲು ಕೂಚ, ಅಂದರೆ ಕಲ್ಲಿನ ಕಂಬ, ತಂದು ನೆಟ್ಟು, ಮೇಲೆ ತಂತಿ ಎಳೆದು ಚಪ್ಪರ ಮಾಡಿ, ಬೆಂಗಳೂರು ಬ್ಲೂ ತಳಿಯ ದ್ರಾಕ್ಷಿ ಬಳ್ಳಿ ಹಬ್ಬಿಸಿದೆ. ಹಣ್ಣಿನ ಆಸೆಯಿಂದಲ್ಲ. ಔಷಧಿ ಹೊಡೆಯದೆ ಒಳ್ಳೇ ಗೊಂಚಲು ಬರೋದು ಕಷ್ಟ. ಬಳ್ಳಿಯನ್ನು ಬೇಸಿಗೆಗೆ ಮೊದಲೇ ಸವರಿದರೆ ಬಿಸಿಲೇರುವ ಹೊತ್ತಿಗೆ ಹೊಸ ಎಲೆ ಚಪ್ಪರ ಮುಚ್ಚುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ.

ಗೋಡೆಗಳ ಅಂಚಿಗೆ ಲಾವಂಚ, ಮಜ್ಜಿಗೆಹುಲ್ಲು, ಒಂದೆರಡು ದುಂಡುಮಲ್ಲಿಗೆ. ಲಾವಂಚದ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ.

ಕೆಳಗಿನ ಹಂತದಲ್ಲಿ ಒಲೆ. ಸೌದೆ ಉರಿ, ಹೊಗೆ ಮನೆಯೊಳಗೆ ಬರಲ್ಲ. ಅವರೆ ಕಾಲದಲ್ಲಿ ಹೆಂಗಸರು, ಗಂಡಸರು ಎಲ್ಲರೂ ಕಟ್ಟೆ ಮೇಲೆ ಕೂತು ಕಾಳು ಹಿದುಕುತ್ತಾರೆ. ಒಲೆ ಮೇಲೆ ಮುದ್ದೆಗೆ ಎಸರು ಕಾಯುತ್ತಿರುತ್ತದೆ.

ಒಂದು ವಿಷಯ ಹೇಳಲೇಬೇಕು. ಕಲ್ಲು ಸಂದಿಯಲ್ಲಿ ಹಾವು, ಚೇಳು ಸೇರುತ್ತವೆ. ಅದಕ್ಕೇ ಎದುರಿಗೆ ಕಾಣುವ ಸಂದಿಗಳನ್ನೆಲ್ಲ ಗಾರೆ ಹಾಕಿ ಮುಚ್ಚಿಸಿ, ಪೈಪಿನ ಹೊರಬಾಯಿಗೂ ಜಾಲರಿ ಬಿಗಿಸಿದ್ದೇನೆ. ಮೆಟ್ಟಿಲ ಪಕ್ಕ ಮೊಣಕಾಲೆತ್ತರಕ್ಕೆ ಹಳದಿ ದೀಪ ಇಟ್ಟಿದ್ದೇವೆ. ಮುಖಕ್ಕೆ ಹೊಡೆಯಲ್ಲ, ಕಾಲಿಡುವ ಜಾಗ ಚೆನ್ನಾಗಿ ಕಾಣುತ್ತದೆ.